ನಾನು ಕೀಳಿಸಿದ ಬಳ್ಳಿ

ಹಿಂದೆಂದೋ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ತಪ್ಪಿಗೆ, ವಿಮಾ ಕಚೇರಿಯಲ್ಲಿ ಕೂರುವ ನನ್ನನ್ನು ಚೆನ್ನೈನ ಒಂದು ಚರ್ಚಿನ ಯುವಕೂಟದವರು ಮಾರ್ಗದರ್ಶನಕ್ಕೆ ಕರೆದರು. ದೇವರ ಸೃಷ್ಟಿಯನ್ನು ಕಾಪಾಡಬೇಕೆಂದು ಅವರು ಅವತ್ತು ಸಮುದ್ರತೀರ ಸ್ವಚ್ಛ ಮಾಡಲು ಹೊರಟಿದ್ದರು.

ಪ್ಲಾಸ್ಟಿಕ್ ಎಲ್ಲ ಆಯ್ದು ಮುಗಿದ ಮೇಲೆ, ಕೂಟದ ಮುಂದಾಳು ಗ್ರೇಸಿ ಮರಳಿನ ಮೇಲೆ ಹಬ್ಬಿದ್ದ ನೇರಳೆ ಹೂವಿನ ಬಳ್ಳಿ ತೋರಿಸಿ, "ಆಂಟಿ, ಇದು ಕಳೆನಾ?" ಅಂದಳು. ಅವಳದೂ ಕನ್ನಡದ ಮನೆಯೇ.

ನನಗೆ ಗೊತ್ತಿರಲಿಲ್ಲ. ಆದರೆ ಇಪ್ಪತ್ತು ಮಕ್ಕಳ ಮುಂದೆ ಹಾಗನ್ನಲು ಮನಸ್ಸಾಗಲಿಲ್ಲ. "ಹೂಂ ಮತ್ತೆ, ಕಿತ್ತುಬಿಡಿ," ಅಂದೆ. ಅರ್ಧ ಗಂಟೆಯಲ್ಲಿ ಮರಳು ಬೋಳಾಯಿತು.

ಪಕ್ಕದ ಗುಡಿಸಲಿನಿಂದ ಮೀನು ಮಾರುವ ಮುದುಕಿಯೊಬ್ಬಳು ಓಡಿಬಂದಳು. "ಅಯ್ಯೋ, ಎನ್ನಮ್ಮಾ ಇದು!" ಎಂದು ತಲೆ ಚಚ್ಚಿಕೊಂಡಳು. ಗಾಳಿಗೆ ಮರಳೆದ್ದು ಅವಳ ಮನೆಗೆ ನುಗ್ಗದಂತೆ ಹಿಡಿದಿಟ್ಟಿದ್ದದ್ದು ಆ ಬಳ್ಳಿಯೇ ಅಂತೆ. "ಇನ್ನು ನಾನು ಅನ್ನದ ಜೊತೆ ಮರಳು ತಿನ್ನಬೇಕು. ಓದಿದೋರು ಒಬ್ಬರಾದರೂ ಬಂದಿಲ್ವಾ ನಿಮ್ಮ ಜೊತೆ?" ಎಂದು ತಮಿಳಿನಲ್ಲಿ ಬೈದಳು.

ಗ್ರೇಸಿ ನನ್ನ ಕಡೆ ತಿರುಗಲೂ ಇಲ್ಲ. "ತಪ್ಪು ನಮ್ಮದೇ ಅಜ್ಜಿ, ಮನ್ನಿಸಿ," ಅಂದಳು. ನಾನು ಚಪ್ಪಲಿಯ ಮರಳು ಕೊಡವುತ್ತ ನಿಂತೆ.

ಹೊರಡುವ ಮುನ್ನ ಎಲ್ಲರೂ ಪ್ರಾರ್ಥಿಸಿದರು. "ಅರಿಯದೆ ಮಾಡಿದ್ದನ್ನು ಕ್ಷಮಿಸು, ಕರ್ತನೇ," ಎಂದಳು ಗ್ರೇಸಿ. ಅಲ್ಲಿದ್ದವರಲ್ಲಿ ಕ್ರೈಸ್ತಳಲ್ಲದವಳು ನಾನೊಬ್ಬಳೇ. ಎಲ್ಲರಿಗಿಂತ ಜೋರಾಗಿ 'ಆಮೆನ್' ಅಂದವಳೂ ನಾನೇ.