ಎರಡು ಗಂಟೆಯ ರಕ್ತದೊತ್ತಡ

೨೦೨೩ರ ಫೆಬ್ರವರಿ ೧೪, ಮಂಗಳವಾರ. ದಿನಾಂಕವನ್ನು ನನ್ನ ದಿನಚರಿಯಿಂದ ತೆಗೆದುಕೊಂಡು, ವಾರವನ್ನು ಆ ವರ್ಷದ ಕ್ಯಾಲೆಂಡರಿನೊಡನೆ ತಾಳೆ ನೋಡಿದ್ದೇನೆ. ನಂಜನಗೂಡಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನನ್ನ ಅಕ್ಕನಿಗೆ ಹಿಂದಿನ ದಿನವಷ್ಟೇ ಶಸ್ತ್ರಚಿಕಿತ್ಸೆಯಾಗಿತ್ತು.

ಬೆಳಿಗ್ಗೆ ಹತ್ತಕ್ಕೆ ಹಿರಿಯ ನರ್ಸ್ ಆ ಹೊತ್ತಿನ ಬಿ.ಪಿ.ಯನ್ನು ತಾವೇ ಬರೆದು, ವಾರ್ಡಿನ ಚಾರ್ಟುಗಳನ್ನೆಲ್ಲ ತರಬೇತಿಗೆ ಬಂದಿದ್ದ ವಿದ್ಯಾರ್ಥಿನಿಯ ಕೈಗಿತ್ತರು. ಅವಳು ತಿ. ನರಸೀಪುರದ ಕಡೆಯವಳು.

“ಸಂಜೆವರ್ಗಿನ ಬಿ.ಪಿ. ಎಲ್ಲಾ ಈಗ್ಲೇ ಬರ್ದ್ಬುಡು.”

“ಎರಡ್ ಗಂಟೇದು ಇನ್ನೂ ನೋಡೇ ಇಲ್ವಲ್ಲ ಸಿಸ್ಟರ್, ಎಂಗ್ ಬರೀಲಿ?”

“ಓಹೋ, ಡಾಕ್ಟ್ರಮ್ಮ ಬಂದ್ಬುಟ್ರು! ನಿನ್ ತರಬೇತಿ ಪುಸ್ತಕಕ್ಕೆ ಸೈನ್ ಹಾಕಲ್ಲ. ಪರೀಕ್ಷೆಗೆ ಎಂಗ್ ಕೂರ್ತೀಯೋ ನಾನೂ ನೋಡ್ತೀನಿ.”

“ಹಾಕ್ಬೇಡಿ ಬುಡಿ. ನೋಡ್ದೆ ಇರೋದ್ನ ನಾನ್ ಬರ್ಯಲ್ಲ.”

ಪಕ್ಕದಲ್ಲೇ ಕುಳಿತಿದ್ದ ನಾನು, ಜೀವಮಾನವಿಡೀ ದಾಖಲೆಗಳನ್ನು ಪರಿಶೀಲಿಸಿದವನು, ಪತ್ರಿಕೆಯಿಂದ ತಲೆಯೆತ್ತಲಿಲ್ಲ. ಇದಕ್ಕೆ ಕ್ಷಮೆಯಿಲ್ಲ.

ಎರಡು ಗಂಟೆಗೆ ಅವಳೇ ಬಂದು ಅಕ್ಕನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಳು. ೮೦/೫೦. ಓಡಿಹೋಗಿ ವೈದ್ಯರನ್ನು ಕರೆತಂದಳು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಎರಡನೆಯ ಶಸ್ತ್ರಚಿಕಿತ್ಸೆಯಿಂದ ಅಕ್ಕ ಉಳಿದಳು. ಅಷ್ಟಾದರೂ ಹುಡುಗಿಗೆ ಸಹಿ ಸಿಗಲಿಲ್ಲ. ಸುಳ್ಳು ಬರೆಯಲೊಪ್ಪದವಳನ್ನು ಪರೀಕ್ಷೆಗೇ ಕೂರಿಸದಿರುವುದು ಯಾವ ಸೀಮೆಯ ಶಿಕ್ಷಣ?

ಅವಳ ಪರವಾಗಿ ಕಾಲೇಜಿಗೆ ಬರೆಯಲೆಂದು ಅರ್ಜಿ ಕೊಟ್ಟು ಚಾರ್ಟಿನ ಪ್ರತಿ ತರಿಸಿದೆ. ಅದು ಈಗ ನನ್ನ ಮುಂದಿದೆ. ಎರಡು ಗಂಟೆಯ ಖಾನೆಯಲ್ಲಿ ೧೨೦/೮೦ ಎಂದಿದೆ. ಅಳೆದವರ ಜಾಗದಲ್ಲಿ, ಹತ್ತು ಗಂಟೆಯದನ್ನು ಬರೆದ ಹಿರಿಯ ನರ್ಸಿನ ಕೈಬರಹದಲ್ಲೇ, ಆ ಹುಡುಗಿಯ ಹೆಸರಿದೆ.