ಗುಲಾಬಿ ಅತ್ತೆ ಎಳೆದ ಪರವಲಯ

ಹೊಸ ಗ್ರಾಫ್ ಪುಸ್ತಕಕ್ಕೆ ತನ್ನದೇ ಒಂದು ವಾಸನೆಯಿದೆ. ಮೊನ್ನೆ ಕೋಟೇಶ್ವರದ ಅಂಗಡಿಯಲ್ಲಿ ಮಗಳಿಗೆಂದು ಕೊಂಡ ಪುಸ್ತಕವನ್ನು ಬಿಡಿಸಿದ್ದೇ ತಡ, ಅದರ ಬೆನ್ನಿಗೇ ಒಣಮೀನಿನ ಘಾಟು, ಉಪ್ಪು ಹಿಡಿದ ಜಗಲಿಯ ಕಂಬ, ಕಿರಿಮಂಜೇಶ್ವರದ ಅಜ್ಜಿಯ ಮನೆ ಎಲ್ಲವೂ ಬಂದು ನಿಂತವು. ನಿಮಗೂ ಅಂಥದೊಂದು ಮನೆ ಇದ್ದೀತು, ಈಗ ಮೂಗಿಗೆ ಮಾತ್ರ ದಾರಿ ಗೊತ್ತಿರುವಂಥದ್ದು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅಮ್ಮ ತೀರಿಕೊಂಡಳು. ಗಂಗೊಳ್ಳಿಯ ಬೋಟಿನಲ್ಲಿ ದುಡಿಯುತ್ತಿದ್ದ ಅಪ್ಪ ನನ್ನನ್ನು ತನ್ನ ಅಮ್ಮನ ಬಳಿ ಬಿಟ್ಟುಹೋದ. ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ. ಅಪ್ಪನ ತಂಗಿ ಗುಲಾಬಿ ಅತ್ತೆ ಬೆಳಿಗ್ಗೆ ಒಣಮೀನಿನ ಬುಟ್ಟಿ ಹೊತ್ತು ಹೋದರೆ ಬರುವುದು ಇಳಿಹೊತ್ತಿಗೆ. ಅಲ್ಲಿಯವರೆಗೆ ಆ ಮನೆಯಲ್ಲಿ ಮಾತು ಎಂಬುದೇ ಇರಲಿಲ್ಲ.

ಹತ್ತನೆಯ ತರಗತಿಯಲ್ಲಿ ವರ್ಗ ಸಮೀಕರಣ ಬಂತು. ಒಂದು ಸಂಜೆ ಎಕ್ಸ್ ವರ್ಗದಿಂದ ನಾಲ್ಕು ಎಕ್ಸ್ ಕಳೆದು ಐದು ಕೂಡಿಸಿದರೆ ಸೊನ್ನೆ ಎಂಬ ಲೆಕ್ಕ ಹಿಡಿದು, ಎಷ್ಟು ಮಾಡಿದರೂ ಬಾರದೆ ಜಗಲಿಯಲ್ಲಿ ಅಳುತ್ತಿದ್ದೆ. ಪುಸ್ತಕದ ಕೊನೆಯಲ್ಲಿ 'ವಾಸ್ತವ ಮೂಲಗಳಿಲ್ಲ' ಎಂದಷ್ಟೇ ಉತ್ತರವಿತ್ತು. ಕೈಕಾಲು ತೊಳೆದು ಬಂದ ಅತ್ತೆ ಪಕ್ಕದಲ್ಲಿ ಕುಳಿತು ಬಹಳ ಹೊತ್ತು ಆ ಲೆಕ್ಕವನ್ನೇ ನೋಡಿದಳು.

"ಉತ್ರ ಇಲ್ದಿದ್ ಲೆಕ್ಕ ಎಂತಕ್ ಕೊಡ್ತ್ರ್ ಹೆಣೆ?"

ಹೆಣೆ ಎಂದರೆ ನಮ್ಮ ಕಡೆ ಹುಡುಗಿ. ಗ್ರಾಫ್ ಹಾಳೆಯಲ್ಲಿ ಬರೆದೇ ನೋಡೋಣ ಎಂದೆ. ಎಕ್ಸ್‌ಗೆ ಸೊನ್ನೆ, ಒಂದು, ಎರಡು ಎಂದು ಬೆಲೆ ಕೊಡುತ್ತ ನಾನು ಚುಕ್ಕಿ ಇಟ್ಟೆ. ಬಲೆ ಹೆಣೆದು ಪಳಗಿದ ಕೈಯಿಂದ ಅತ್ತೆ ಅವನ್ನು ಒಂದೇ ಎಳೆತಕ್ಕೆ ಸೇರಿಸಿದಳು. ಪರವಲಯ ಎನ್ನುವ ಆ ಗೆರೆ ಇಳಿದು ಬಂದು ಅಕ್ಷಕ್ಕಿಂತ ಒಂದು ಮನೆ ಮೇಲೆಯೇ ತಿರುಗಿ ಮತ್ತೆ ಏರಿತು. ಐದರ ಬದಲು ನಾಲ್ಕು ಹಾಕಿದೆವು. ಗೆರೆ ಎರಡರಲ್ಲಿ ಅಕ್ಷಕ್ಕೆ ತಾಗಿ ಹೋಯಿತು. ಮೂರು ಹಾಕಿದೆವು; ಒಂದರಲ್ಲಿ ಮತ್ತು ಮೂರರಲ್ಲಿ ಕತ್ತರಿಸಿತು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ, ಮೂಲಗಳಿವೆಯೋ ಇಲ್ಲವೋ ಎಂದು ತಿಳಿಸುವ ಶೋಧಕ ಎಂಬ ಪದಕ್ಕೆ ಅರ್ಥ ಬಂದದ್ದು ಅವತ್ತು. ಅತ್ತೆ ಮೊದಲ ಗೆರೆಯ ಮೇಲೆ ಬೆರಳಿಟ್ಟಳು.

"ಕಾಣ್, ಗೆರೆ ಇತ್ತ್. ಕೆಳ್ಗೆ ತಾಗ್ಲಿಲ್ಲ, ಅಷ್ಟೆ. ನಾ ಅವತ್ತ್ ತಪ್ಪಾಯ್ತ್ ಅಂದ್ಕಂಡ್ ಒರ್ಸಿ ಒರ್ಸಿ ಬರ್ದೆ. ಬೆಲ್ ಹೊಡ್ದೇ ಬಿಡ್ತ್."

ಹದಿನೈದು ವರ್ಷದ ಹಿಂದೆ ಅವಳು ಗಣಿತವೊಂದರಲ್ಲೇ ಫೇಲಾಗಿ ಶಾಲೆ ಬಿಟ್ಟದ್ದು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಇಂಥದೇ ಲೆಕ್ಕ ಬಂದು ಹೀಗಾಯಿತು ಎಂದು ಗೊತ್ತಾದದ್ದು ಆಗಲೇ.

ಆಮೇಲೆ ದಿನಾ ಸಂಜೆ ಇಬ್ಬರೂ ಒಂದೇ ಪುಸ್ತಕಕ್ಕೆ ತಲೆ ಕೊಟ್ಟು ಕುಳಿತೆವು. ಅಮ್ಮ ಹೋದ ಮೇಲೆ ನಾನು ಯಾರನ್ನಾದರೂ ಕಾಯುತ್ತ ಕುಳಿತದ್ದು ಅದೇ ಮೊದಲು. ಆ ವರ್ಷ ಅವಳೂ ಖಾಸಗಿಯಾಗಿ ಪರೀಕ್ಷೆ ಕಟ್ಟಿದಳು. ಇಬ್ಬರೂ ಪಾಸಾದೆವು. ತಿಂಗಳೆರಡರಲ್ಲಿ ಕೊಕ್ಕರ್ಣೆಯ ಕಡೆ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಹತ್ತನೆಯದು ಪಾಸಾಗಿರಬೇಕು, ಅಲ್ಲೇ ಉಳಿಯಬೇಕು. ಹೊರಡುವ ಹಿಂದಿನ ದಿನ ನನ್ನ ಜಡೆ ಹಾಕುತ್ತ ಮೆಲ್ಲಗೆ ಹೇಳಿದಳು.

"ನೀ ಬ್ಯಾಡ ಅಂದ್ರೆ ನಾ ಹೋತಿಲ್ಲೆ."

ಅವಳು ಬುಟ್ಟಿ ಹೊತ್ತ ವರ್ಷಗಳು ನನ್ನ ಕಣ್ಣ ಮುಂದಿದ್ದವು. ನನಗೇನೂ ಹೆದರಿಕೆಯಿಲ್ಲ, ಹೋಗು ಎಂದೆ. ಮಾರನೆಯ ದಿನ ಅವಳ ಬಸ್ಸು ಹೋದ ಮೇಲೆ ಮನೆಗೆ ಬಂದು, ಕಿವಿ ಕೇಳದ ಅಜ್ಜಿಯ ಎದುರು ಕುಳಿತು ಗಟ್ಟಿಯಾಗಿ ಅತ್ತುಬಿಟ್ಟೆ. ಅಜ್ಜಿ ಅಕ್ಕಿ ಆರಿಸುತ್ತಲೇ ಇದ್ದಳು.

ಮೊದಲು ತಿಂಗಳಿಗೊಮ್ಮೆ ಬರುತ್ತಿದ್ದ ಗುಲಾಬಿ ಅತ್ತೆ ಆಮೇಲೆ ಹಬ್ಬಕ್ಕೆ ಮಾತ್ರ ಬರತೊಡಗಿದಳು. ಅಜ್ಜಿ ಹೋದಳು, ನನಗೆ ಮದುವೆಯಾಯಿತು, ಹೆದ್ದಾರಿ ಅಗಲವಾದಾಗ ಮನೆಯೂ ಹೋಯಿತು. ಕೆಲವು ವರ್ಷಗಳ ಮೇಲೆ ಜ್ವರ ಬಂದು ಮಲಗಿದ ಅತ್ತೆ ಏಳಲಿಲ್ಲ. ಕೊಕ್ಕರ್ಣೆಗೆ ಹೋದಾಗ ಹಾಸ್ಟೆಲ್ಲಿನ ಹುಡುಗಿಯೊಬ್ಬಳು ನನ್ನ ಪಕ್ಕದಲ್ಲಿ ಬಂದು ನಿಂತಳು.

"ಗಣಿತ ಅವ್ರೇ ಹೇಳಿ ಕೊಡ್ತಿದ್ರ್. ಅಣ್ಣನ್ ಮಗ್ಳ್ ಕಲ್ಸಿದ್ದ್ ಅಂತಿದ್ರ್."

ಹಿಂದಿರುಗುವಾಗ ಯಾಕೋ ಕುಂದಾಪುರದಲ್ಲಿ ಬಸ್ಸು ಬದಲಿಸಿ ಕಿರಿಮಂಜೇಶ್ವರದಲ್ಲಿ ಇಳಿದೆ. ಮನೆಯಿದ್ದ ಜಾಗದ ಮೇಲೆ ಲಾರಿಗಳು ಓಡುತ್ತಿದ್ದವು. ಹಳಬರು ಯಾರಾದರೂ ಕಂಡು, ಎಂತ ಹೆಣೆ ಇಲ್ಲಿ ನಿಂತದ್ದು ಎಂದು ಕೇಳಿಯಾರು ಅನ್ನಿಸಿತು. ಎರಡು ಬಸ್ಸು ಬಿಟ್ಟು ಕಾದೆ. ಯಾರೂ ಕೇಳಲಿಲ್ಲ. ಮೂರನೆಯದಕ್ಕೆ ಕೈ ತೋರಿಸಿದೆ.