ಅರವತ್ತು ಕೆಜಿಯ ಅತ್ತೆ

ನನ್ನ ಸೊಸೆ ಸರಕಿನ ಗಾಡಿ ಓಡಿಸುತ್ತಾಳೆ. ಮೊದಮೊದಲು ಇದನ್ನು ಯಾರಿಗೂ ಹೇಳುತ್ತಿರಲಿಲ್ಲ ನಾನು. ಕೇಳಿದವರಿಗೆ "ಏನೋ ವ್ಯಾಪಾರ" ಎಂದು ಮಾತು ಹಾರಿಸುತ್ತಿದ್ದೆ. ಮದುವೆಗೆ ಮುಂಚೆ ಎಂಟು ವರ್ಷ ಗೋದಾಮಿನಲ್ಲಿ ಮೂಟೆ ತೂಗಿದವಳು. ತರಕಾರಿ ಚೀಲ ಎತ್ತಿದರೆ ಸಾಕು, "ಅಂಗಡಿಯವನು ಕಾಲು ಕೆಜಿ ನುಂಗಿದಾನೆ" ಅನ್ನುತ್ತಾಳೆ. ಆ ಸಣ್ಣ ಗಾಡಿ ಕೊಂಡು ನಾಲ್ಕು ತಿಂಗಳಾದರೂ ಕಾಯಂ ಗಿರಾಕಿ ಸಿಕ್ಕಿರಲಿಲ್ಲ. ಈ ತಿಂಗಳೂ ಸಿಗದಿದ್ದರೆ ಮಾರಿಬಿಡೋಣ ಎಂದು ನನ್ನ ಮಗ ಹೇಳಿಯಾಗಿತ್ತು. ಎರಡು ದಿನ ಅವಳು ಸರಿಯಾಗಿ ಉಣ್ಣಲಿಲ್ಲ.

ಅಷ್ಟರಲ್ಲಿ ಟೈಲ್ಸ್ ಅಂಗಡಿಯ ಯಜಮಾನರು, ಒಂದು ಲೋಡು ಹಾಕಿ ನೋಡೋಣ, ಸರಿಹೋದರೆ ದಿನಾ ಬಾ ಎಂದರು. ಆ ಬೆಳಿಗ್ಗೆ ನಾವಿಬ್ಬರೂ ಗಾಡಿಯಲ್ಲೇ ನನ್ನ ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗಿ, ಅಲ್ಲಿಂದ ಸೀದಾ ಅಂಗಡಿಗೇ ಹೋದೆವು. ಗಿರಾಕಿಯೊಬ್ಬರ ಮನೆಗೆ ಒಯ್ಯಬೇಕಾದದ್ದು ಇಪ್ಪತ್ತೆರಡು ಬಾಕ್ಸ್ ಟೈಲ್ಸ್, ಒಂದೊಂದೂ ಮೂವತ್ತು ಕೆಜಿ. ಇಪ್ಪತ್ತು ಏರುತ್ತಿದ್ದಂತೆ ಇವಳು ಕೈ ಅಡ್ಡ ಹಿಡಿದಳು.

"ಸಾಕು."

"ಏನಮ್ಮಾ ಸಾಕು? ಗಾಡಿ ಅರ್ಧ ಖಾಲಿ ಇದೆ!" ಎಂದರು ಯಜಮಾನರು. "ಸಾವಿರದ ಐನೂರ ಐವತ್ತು ಕೆಜಿ ಅಂತ ಗಾಡಿ ಮೇಲೇ ಬರೆದಿದೆಯಲ್ಲ?"

"ಅದು ಗಾಡೀನೂ ಸೇರಿ ಸಾರ್. ಗಾಡಿನೇ ಎಂಟ್ನೂರು. ಉಳಿದಿದ್ದು ಏಳ್ನೂರ ಐವತ್ತು. ಅದರಲ್ಲಿ ನಾನು ಎಪ್ಪತ್ತೆಂಟು. ನಮ್ಮತ್ತೆ ಅರವತ್ತು, ಈಗ ತಾನೇ ಡಾಕ್ಟರು ತೂಗಿದಾರೆ. ಇನ್ನು ಆರ್ನೂರ ಹನ್ನೆರಡು. ಇಪ್ಪತ್ತು ಬಾಕ್ಸಿಗೆ ಮುಗೀತು."

ಹಮಾಲರು ಮುಸಿಮುಸಿ ನಕ್ಕರು. ಅಯ್ಯೋ ಪುಣ್ಯಾತ್ಗಿತ್ತಿ! ನನ್ನ ಗಂಡನಿಗೂ ಹೇಳದ ತೂಕವನ್ನು ಅಂಗಡಿ ತುಂಬ ಡಂಗುರ ಸಾರಿದಳಲ್ಲ!

"ಎರಡು ಬಾಕ್ಸಿಗೆ ಇಷ್ಟು ರಾದ್ಧಾಂತಾನಾ?"

"ಆ ಮನೆ ಇಳಿಜಾರಿನ ಕೆಳಗಿದೆ. ಬ್ರೇಕ್ ಹಿಡೀದೆ ಹೋದ್ರೆ ನೀವು ಬಂದು ತಡೀತೀರಾ? ಎರಡನ್ನ ಇನ್ನೊಂದು ಸಲ ಒಯ್ತೀನಿ."

ಯಜಮಾನರು ಮುಖ ಗಂಟಿಕ್ಕಿದರು. "ಎಲ್ಲಾ ಒಟ್ಟಿಗೇ ಹೋಗ್ಬೇಕು. ನಿಮ್ಮತ್ತೇನ ಇಳಿಸು."

"ಅವರ ಮಂಡಿ ಊದಿದೆ. ಇಳಿಸಲ್ಲ. ಬೇರೆ ಗಾಡಿ ನೋಡ್ಕೊಳ್ಳಿ ಸಾರ್."

ನನಗೋಸ್ಕರ ಗಾಡಿಯನ್ನೇ ಕಳೆದುಕೊಳ್ಳಲು ಹೊರಟಿದ್ದಾಳೆ ಇವಳು! ಗಾಡಿ ಮನೆಗೆ ಬಂದ ದಿನ ಮುಖ ಊದಿಸಿಕೊಂಡು ಕೂತವಳು ನಾನು. ನಾಚಿಕೆಯಾಯಿತು. ಬಾಗಿಲು ಹಿಡಿದುಕೊಂಡು ಮೆಲ್ಲಗೆ ಇಳಿದೆ.

"ಅತ್ತೆ, ಸುಮ್ನೆ ಕೂತ್ಕೊಳ್ಳಿ!"

"ನೀನು ಸುಮ್ನಿರೇ. ಇಲ್ಲಿ ಕುರ್ಚಿ ಇದೆ. ನನ್ನ ಬದಲು ಆ ಎರಡು ಬಾಕ್ಸ್ ಹಾಕ್ಸು."

ಅವಳು ಮನಸ್ಸಿನಲ್ಲೇ ಕೂಡಿ ಕಳೆದು, ಆಗಬಹುದು ಎಂದು ತಲೆಯಾಡಿಸಿದಳು. ಎರಡನ್ನೂ ಏರಿಸಿ, ಹಗ್ಗ ಬಿಗಿದು ಹೊರಟಳು.

ನಾನು ಯಜಮಾನರ ಕುರ್ಚಿಯಲ್ಲೇ ಕೂತೆ; ಅವರು ನಿಂತಿದ್ದರು. ಮುಕ್ಕಾಲು ಗಂಟೆ ರಸ್ತೆಯಿಂದ ಕಣ್ಣು ಕೀಳಲಿಲ್ಲ. ಕೊನೆಗೆ ಆ ಮನೆಯಿಂದ ಫೋನು ಬಂತು: ಮಾಲು ಮುಟ್ಟಿತು, ಒಂದು ಟೈಲೂ ಒಡೆದಿಲ್ಲವಂತೆ.

"ಮೊದಲಿನ ಗಾಡಿಯವನು ಪ್ರತಿ ಸಲ ನಾಲ್ಕೈದು ಒಡೀತಿದ್ದ," ಎಂದು ಗೊಣಗಿ ಯಜಮಾನರು ನನ್ನತ್ತ ತಿರುಗಿದರು. "ಅಮ್ಮಾ, ಈ ಹುಡುಗಿ ನಾಳೆಯಿಂದ ದಿನಾ ಬರ್ತಾಳಾ?"

"ನನ್ನ ಸೊಸೆ," ಎಂದೆ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ. "ಬರ್ತಾಳೆ. ಆದ್ರೆ ಎಷ್ಟು ಹೇರ್ಬೇಕು ಅಂತ ಅವಳು ಹೇಳ್ತಾಳೆ, ನೀವಲ್ಲ."